ಮನೆ ಎಲ್ಲರಿಗೂ ಇಲ್ಲ ಎಂದು ಯಾವಾಗ ಹೇಳಬೇಕು?

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ ಹೊಳೆ. ನಡುವೆ ಉಳಿದ ನೆಲ ಎಷ್ಟು ಕಿರಿದೆಂದರೆ, ಇಲ್ಲಿ ಮನೆ ಕಟ್ಟಲು ಜಾಗವಿಲ್ಲ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಇಲ್ಲಿ ಮಾತಾಡುತ್ತಿರುವವರಲ್ಲಿ ಒಬ್ಬರು ಪಂಚಾಯತ್ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಬೆಂಗಳೂರಿನಲ್ಲಿ ಆನ್‌ಲೈನ್ ಆಟ ತಯಾರಿಸುವ ತಂಡದಲ್ಲಿದ್ದಾಳೆ.

ಸೊಸೆ: ಮಾವ, ನಮ್ಮ ಆಟದೊಳಗೆ ಒಂದು ಊರು ಕಟ್ಟಿದ್ದೇವೆ. ಆಡುವವರು ಅಲ್ಲಿ ಮನೆ ಪಡೆಯಬಹುದು, ಒಳಗೆ ಸಾಮಾನು ಜೋಡಿಸಬಹುದು, ಅಂಗಳದಲ್ಲಿ ಗಿಡ ನೆಡಬಹುದು. ಆದರೆ ಆಡುವವರಿಗೆ ಹೋಲಿಸಿದರೆ ಮನೆಗಳು ಬಹಳ ಕಡಿಮೆ. ಆಟ ಹೊರಬರುವ ಮೊದಲು ಜನರ ನಿರೀಕ್ಷೆಯನ್ನು ನಿಭಾಯಿಸುವ ಒಂದು ಪ್ರಕಟಣೆ ಬರೆಯಬೇಕು. ಅದು ನನ್ನ ಪಾಲಿಗೆ ಬಂದಿದೆ.

ಮಾವ: ಕಡಿಮೆ ಎಂತಕ್ಕೆ? ನಮಗಾದರೆ ಒಂದು ಬದಿ ಕಡಲು, ಒಂದು ಬದಿ ಹೊಳೆ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದ ಮೇಲೆ ಇಂಥ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆಗೆ ಅನುಮತಿ ಇಲ್ಲದಾಯಿತು. ಇದ್ದ ಮನೆಯ ರಿಪೇರಿ ಮಾಡಿಕೊಳ್ಳಬಹುದಿತ್ತು, ಅಷ್ಟೆ. 2011ರಲ್ಲಿ, ಮತ್ತೆ 2019ರಲ್ಲಿ ಹೊಸ ಅಧಿಸೂಚನೆ ಬಂತು, ನೆಲ ಮಾತ್ರ ಹಿಗ್ಗಲಿಲ್ಲ. ಮಳೆಗಾಲದಲ್ಲಿ ಕಡಲ್ಕೊರೆತಕ್ಕೆ ಇದ್ದದ್ದೂ ಹೋಗುತ್ತದೆ. ನಿಮಗೆ ಅಡ್ಡ ಬಂದ ಕಡಲು ಯಾವುದು?

ಸೊಸೆ: ಕಡಲಿಲ್ಲ, ಸರ್ವರ್ ಇದೆ. ಯಾರ ಮನೆಯಲ್ಲಿ ಯಾವ ಕುರ್ಚಿ ಎಲ್ಲಿದೆ ಎಂಬುದನ್ನೆಲ್ಲ ಅದು ನೆನಪಿಟ್ಟುಕೊಂಡು, ಆ ಬೀದಿಯಲ್ಲಿ ಹಾದುಹೋಗುವ ಎಲ್ಲರಿಗೂ ಒಂದೇ ಹಾಗೆ ತೋರಿಸಬೇಕು. ಅದಕ್ಕೆ ಖರ್ಚು ತಗಲುತ್ತದೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಖರ್ಚೊಂದೇ ಕಾರಣವಲ್ಲ. ಪ್ರತಿಯೊಬ್ಬನಿಗೂ ಅವನದೇ ಆದ ಬೇರೆ ಜಗತ್ತಿನಲ್ಲಿ ಮನೆ ಕೊಡಬಹುದು. ಹಾಗೆ ಮಾಡಿದ ಆಟಗಳಿವೆ. ಅಲ್ಲಿ ಮನೆ ಇರುತ್ತದೆ, ಕೇರಿ ಇರುವುದಿಲ್ಲ. ಬಾಗಿಲು ತೆರೆದರೆ ಎದುರು ಮನೆಯೇ ಇಲ್ಲ. ನಮಗೆ ನೆರೆಹೊರೆ ಬೇಕಿತ್ತು.

ಮಾವ: ಹಾಗಾದರೆ ಈ ಕೊರತೆಯನ್ನು ನೀವೇ ಆರಿಸಿಕೊಂಡಿದ್ದೀರಿ. ಪ್ರಕಟಣೆ ಬರೆಯಲು ಕೂರುವ ಮೊದಲು ಅದು ನಿನ್ನ ಮನಸ್ಸಿನಲ್ಲಿ ಗಟ್ಟಿಯಾಗಬೇಕು ಮಗಾ. ಕಡಲನ್ನು ಯಾರೂ ಲೆಕ್ಕ ಕೇಳುವುದಿಲ್ಲ. ನಿಮ್ಮನ್ನು ಕೇಳುತ್ತಾರೆ, ಕೇಳಬೇಕಾದದ್ದೇ. ಜಾಗ ಸಾಲದು ಎಂದು ನೀವು ಬರೆದರೆ ಅದು ಅರ್ಧ ಸತ್ಯ. ಇಷ್ಟೇ ಇರಲಿ ಎಂದು ನಾವು ನಿಶ್ಚಯಿಸಿದ್ದೇವೆ, ಕಾರಣ ಇದು ಎಂದು ಬರೆಯಬೇಕು.

ಸೊಸೆ: ಹಾಗೆ ಬರೆದರೆ ಸಿಟ್ಟು ಹೆಚ್ಚುತ್ತದೆ. ಸರ್ವರ್ ಎಂದರೆ ಜನ ಒಪ್ಪುತ್ತಾರೆ.

ಮಾವ: ಎಷ್ಟು ದಿನ ಒಪ್ಪುತ್ತಾರೆ?

ಸೊಸೆ: ಆ ಪ್ರಶ್ನೆಗೆ ಹಳೆಯ ಆಟಗಳೇ ಉತ್ತರ ಕೊಟ್ಟಿವೆ. ಅಲ್ಟಿಮಾ ಆನ್‌ಲೈನ್ 1997ರಲ್ಲಿ ಬಂತು. ಬಯಲಿನಲ್ಲಿ ಎಲ್ಲಿ ಖಾಲಿ ಕಂಡರೆ ಅಲ್ಲಿ ಮನೆ ಇಡಬಹುದಿತ್ತು. ನೆಲ ಬೇಗ ತುಂಬಿತು, ಆಟದೊಳಗಿನ ಮನೆಯನ್ನು ಹೊರಗೆ ನಿಜವಾದ ದುಡ್ಡಿಗೆ ಮಾರುವ ವ್ಯಾಪಾರ ಶುರುವಾಯಿತು. ಯಾರದ್ದೋ ಮನೆ ನೋಡಿಕೊಳ್ಳುವವರಿಲ್ಲದೆ ಬೀಳುವ ಹಂತಕ್ಕೆ ಬಂದರೆ, ಆ ಜಾಗ ಹಿಡಿಯಲು ಸುತ್ತ ಕಾದು ನಿಲ್ಲುತ್ತಿದ್ದರು. 2000ದಲ್ಲಿ ಅದೇ ಭೂಪಟದ ಇನ್ನೊಂದು ಪ್ರತಿಯನ್ನು ಸೇರಿಸಿದರು. ನೆಲ ಒಮ್ಮೆಗೇ ಇಮ್ಮಡಿಯಾಯಿತು.

ಮಾವ: ಮನಸ್ಸು ಮಾಡಿದರೆ ನೆಲ ಹುಟ್ಟಿಸಬಹುದು ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತಲ್ಲ. ಆಮೇಲೆ ಇಲ್ಲ ಎಂದರೆ ಯಾರು ನಂಬಬೇಕು? ಇರಲಿ, ಇದ್ದ ಮನೆಗಳನ್ನು ಹಂಚುವುದು ಹೇಗೆ?

ಸೊಸೆ: ಜಪಾನಿನವರ ಫೈನಲ್ ಫ್ಯಾಂಟಸಿ 14 ಎಂಬ ಆಟದಲ್ಲಿ ಮೊದಲು ಯಾರು ಮುಟ್ಟಿದರೆ ಅವರಿಗೆ ಎಂದಿತ್ತು. ಖಾಲಿಯಾದ ನಿವೇಶನ ಯಾವ ಗಳಿಗೆಯಲ್ಲಿ ಮಾರಾಟಕ್ಕೆ ತೆರೆಯುತ್ತದೆ ಎಂಬುದನ್ನು ಗುಟ್ಟಾಗಿಟ್ಟಿದ್ದರು. ಜನ ಗಂಟೆಗಟ್ಟಲೆ ಫಲಕದ ಮುಂದೆ ನಿಂತು ಗುಂಡಿ ಒತ್ತುತ್ತಲೇ ಇದ್ದರು. 2022ರ ಏಪ್ರಿಲ್‌ನಲ್ಲಿ ಲಾಟರಿ ತಂದರು. ಮೊದಲ ಸಲವೇ ದೋಷ ಬಂತು. ಅರ್ಜಿ ಹಾಕಿದವರಿದ್ದರೂ ಎಷ್ಟೋ ಕಡೆ ಗೆದ್ದ ಸಂಖ್ಯೆ ಸೊನ್ನೆ ಎಂದು ತೋರಿಸಿತು. ಮೇ ತಿಂಗಳಲ್ಲಿ ಸರಿಪಡಿಸಿದರು.

ಮಾವ: ಚೀಟಿ ಎತ್ತುವುದರಲ್ಲಿ ಒಂದು ಗುಣವಿದೆ, ಮುಖ ನೋಡುವುದಿಲ್ಲ. ಒಂದು ದೋಷವೂ ಇದೆ, ನೆನಪಿಟ್ಟುಕೊಳ್ಳುವುದಿಲ್ಲ. ಹತ್ತು ಸಲ ಸೋತವನೂ ಇವತ್ತು ಬಂದವನೂ ಅದಕ್ಕೆ ಒಂದೇ. ನಿಮ್ಮ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಬಿಡಿಎಯ, ನಿವೇಶನಕ್ಕೆ 1984ರ ನಿಯಮದಂತೆ ಹಿಂದೆ ಎಷ್ಟು ಸಲ ಅರ್ಜಿ ಹಾಕಿದ್ದಿರಿ ಎಂಬುದನ್ನು ಲೆಕ್ಕ ಹಿಡಿಯುತ್ತಾರೆ. ಕಾದದ್ದಕ್ಕೆ ಬೆಲೆ ಇದೆ ಎಂದಾಯಿತು. ನನಗೆ ಅದು ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಸೊಸೆ: ನನಗೆ ಕಾಣುವುದಿಲ್ಲ ಮಾವ. ಕಾದವರಿಗೇ ಮೊದಲು ಎಂದರೆ, ಮೂರು ವರ್ಷದ ನಂತರ ಬರುವ ಹುಡುಗನಿಗೆ ಬಾಗಿಲು ಮುಚ್ಚಿದಂತೆಯೇ. ಮನುಷ್ಯ ನಿವೇಶನಕ್ಕೆ 15 ವರ್ಷ ಕಾಯಬಹುದು, ಅಲ್ಲಿಯತನಕ ಬಾಡಿಗೆ ಮನೆಯಲ್ಲಿ ಬದುಕು ನಡೆಯುತ್ತದೆ. ಆಟಕ್ಕೆ ಆಯುಸ್ಸೇ ಅಷ್ಟಿರುವುದಿಲ್ಲ. ಹೊಸಬನಿಗೆ ಬಂದ ದಿನವೇ ಸ್ವಲ್ಪವಾದರೂ ಆಸೆ ಬೇಕು.

ಮಾವ: ಸ್ವಲ್ಪ ಎಂದರೆ ಎಷ್ಟು? ಅದನ್ನು ಹೇಳುತ್ತೀರೋ? ನೂರು ಅರ್ಜಿಗೆ ಒಂದು ಮನೆಯೋ, ಸಾವಿರಕ್ಕೋ?

ಸೊಸೆ: ಸಂಖ್ಯೆ ಹಾಕುವ ಪದ್ಧತಿ ಇಲ್ಲ.

ಮಾವ: ಇಲ್ಲೇ ನಿಮ್ಮ ಕೆಲಸ ಕೆಡುವುದು. ಬಸವ ವಸತಿಯಂಥ ಯೋಜನೆಯಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಾಗಬೇಕು. ಈ ಸಲ ಪಂಚಾಯತ್‌ಗೆ ಎಷ್ಟು ಮನೆ ಬಂದಿದೆ ಎಂಬುದನ್ನು ಮೊದಲು ಓದಿ, ಆಮೇಲೆ ಹೆಸರಿಗೆ ಹೋಗಬೇಕು. ಸಂಖ್ಯೆ ಕೇಳಿದ ಕೂಡಲೇ ಸಭೆಯಲ್ಲಿ ಗದ್ದಲ ಏಳುತ್ತದೆ, ಬೈಯುತ್ತಾರೆ. ಬೈಸಿಕೊಂಡ ಮೇಲೆ ಮಾತು ಹದಕ್ಕೆ ಬರುತ್ತದೆ. ಯಾರ ಸೂರು ಸೋರುತ್ತಿದೆ, ಯಾರಿಗೆ ಈ ವರ್ಷ ಆಗಲೇಬೇಕು ಎಂದು ಅವರೇ ಹೇಳುತ್ತಾರೆ. ಸಂಖ್ಯೆ ಮುಚ್ಚಿಟ್ಟು ಹೆಸರು ಮಾತ್ರ ಓದಿದರೆ, ಸಿಗದ ಪ್ರತಿಯೊಬ್ಬನಿಗೂ ತನ್ನ ಮನೆಯನ್ನು ಯಾರೋ ತಪ್ಪಿಸಿದರು ಎಂದೇ ಅನ್ನಿಸುತ್ತದೆ. ಆ ಅನುಮಾನ ಮುಂದಿನ ಚುನಾವಣೆಯ ತನಕ ಸಾಯುವುದಿಲ್ಲ.

ಸೊಸೆ: ನಮ್ಮ ಪ್ರಚಾರದ ವಿಡಿಯೊ ಆಗಲೇ ಹೊರಗೆ ಹೋಗಿದೆ. ಅದರಲ್ಲಿ ಒಬ್ಬಳು ಸಂಜೆ ಹೊತ್ತು ಕಡಲ ಬದಿಯ ಮನೆಯ ಬಾಗಿಲು ತೆರೆದು ದೀಪ ಹಚ್ಚುತ್ತಾಳೆ. ಎಲ್ಲರಿಗೂ ಮನೆ ಎಂದು ಎಲ್ಲೂ ಹೇಳಿಲ್ಲ.

ಮಾವ: ಹೇಳಬೇಕೆಂದೇನಿದೆ? ನೋಡಿದವನು ಆ ಬಾಗಿಲಲ್ಲಿ ತನ್ನನ್ನೇ ಕಾಣುತ್ತಾನೆ. ಚಿತ್ರವೇ ಮಾತು ಕೊಟ್ಟಾಯಿತು. ಅವನ ಆಸೆಯನ್ನು ನಿಭಾಯಿಸುವುದು ನಿನ್ನ ಕೈಯಲ್ಲಿಲ್ಲ. ನಿನ್ನ ಕೈಯಲ್ಲಿರುವುದು ನೀವು ಕೊಟ್ಟ ಮಾತು. ಬಿಡಿಎಯ ಅರ್ಕಾವತಿ ಬಡಾವಣೆಯ ಕಥೆ ಗೊತ್ತುಂಟಲ್ಲ. 2003ರಲ್ಲಿ ಪ್ರಾಥಮಿಕ ಅಧಿಸೂಚನೆ, 2004ರಲ್ಲಿ ಅಂತಿಮ. ಆಮೇಲೆ ಭೂಸ್ವಾಧೀನದ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು, 2010ರಲ್ಲಿ ತೀರ್ಪು ಬಂತು. ಸ್ವಾಧೀನದಿಂದ ಜಮೀನು ಕೈಬಿಟ್ಟ ಡಿನೋಟಿಫಿಕೇಶನ್ ಬಗ್ಗೆ ವಿಚಾರಿಸಲು 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ನೇಮಕವಾಯಿತು. ಹಂಚಿಕೆ ಪತ್ರ ಕೈಗೆ ಬಂದರೂ ನೆಲ ಕಾಣದೆ ವರ್ಷಗಟ್ಟಲೆ ಕಾದ ಕುಟುಂಬಗಳಿವೆ. ಅರ್ಜಿ ತಿರಸ್ಕೃತವಾದವನು ಬೇರೆ ದಾರಿ ನೋಡಿಕೊಂಡ. ಪತ್ರ ಸಿಕ್ಕಿದವನು ಎಲ್ಲಿಗೂ ಹೋಗಲಾರದೆ ಕೂತ. ಇಲ್ಲ ಎನ್ನುವುದಕ್ಕಿಂತ, ಅರ್ಧ ಹೌದು ಎನ್ನುವುದು ಮನುಷ್ಯನ ಆಯುಸ್ಸನ್ನು ಹೆಚ್ಚು ತಿನ್ನುತ್ತದೆ.

ಸೊಸೆ: ಸಿಕ್ಕಿದವರ ವಿಷಯದಲ್ಲೂ ಒಂದು ತೊಡಕಿದೆ. ಫೈನಲ್ ಫ್ಯಾಂಟಸಿಯಲ್ಲಿ 45 ದಿನ ಒಡೆಯ ಮನೆಯೊಳಗೆ ಕಾಲಿಡದಿದ್ದರೆ ಮನೆ ತಾನಾಗಿ ನೆಲಸಮವಾಗುತ್ತದೆ. ಕಾಯುವವರಿಗೆ ಜಾಗ ಬಿಡಿಸಲು ಆ ನಿಯಮ. ಕೊರೊನಾ ಕಾಲದಲ್ಲೂ, ಮತ್ತೆ 2024ರ ಜನವರಿಯಲ್ಲಿ ಜಪಾನಿನ ನೋಟೊದಲ್ಲಿ ಭೂಕಂಪವಾದಾಗಲೂ ಅದನ್ನು ತಡೆಹಿಡಿದರು. ನಮ್ಮ ತಂಡದಲ್ಲೂ ಅಂಥದ್ದೇ ನಿಯಮ ಬೇಕು ಎನ್ನುತ್ತಿದ್ದಾರೆ.

ಮಾವ: ಆಟದ ಮನೆ ಬೀಳದಿರಲಿ ಎಂದು ನೆಲ ನಡುಗಿದ ಊರಿನವರಿಗಾಗಿ ಯೋಚಿಸಿದರಲ್ಲ, ಅದು ದೊಡ್ಡದು. ಆದರೆ 45 ದಿನ! ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಸಂತಾನದ ಕಟ್ಟಿನಲ್ಲಿ ಮೂಲಮನೆ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಯಜಮಾನ ನೋಡಿಕೊಳ್ಳುವವನು ಮಾತ್ರ. ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದು ಬಂದವನಿಗೂ ಅಲ್ಲಿ ಮಲಗಲು ಜಾಗವಿತ್ತು, ಎಲ್ಲಿ ಹೋಗಿದ್ದೆ ಎಂದು ಕೇಳಿ ಬಾಗಿಲು ಹಾಕುವಂತಿರಲಿಲ್ಲ. ನಾವು ಮದರಾಸಿನ ಕೆಳಗಿದ್ದಾಗ 1949ರ ಅಳಿಯಸಂತಾನ ಕಾಯಿದೆ ಬಂದು ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ದಾರಿ ತೆರೆಯಿತು. ಪಾಲಾದದ್ದೂ ಸರಿಯೇ, ಒಟ್ಟಿಗಿದ್ದ ಮನೆಗಳಲ್ಲಿ ಉಸಿರು ಕಟ್ಟಿದವರೂ ಇದ್ದರು. ನಾನು ಹೇಳುವುದು ಇಷ್ಟು. ದೂರ ಹೋದವನ ಹಕ್ಕು ಸುಮ್ಮನೆ ಕರಗಬಾರದು. ಅವನು ಆಸ್ಪತ್ರೆಯಲ್ಲಿರಬಹುದು, ಪರೀಕ್ಷೆಗೆ ಓದುತ್ತಿರಬಹುದು.

ಸೊಸೆ: ಅವನ ಹಕ್ಕು ಕರಗದಿದ್ದರೆ ಕಾಯುವವನ ಸರದಿ ಬರುವುದೇ ಇಲ್ಲ. ಖಾಲಿ ಮನೆಗಳ ಕೇರಿಯಾಗುತ್ತದೆ. ಊರಿನಲ್ಲಿ ನೀವೇ ಕಂಡಿದ್ದೀರಿ, ಮಕ್ಕಳೆಲ್ಲ ಹೊರಗೆ, ಬೀಗ ಹಾಕಿದ ದೊಡ್ಡ ಮನೆಗಳು. ಪಕ್ಕದಲ್ಲೇ ಜಾಗವಿಲ್ಲದೆ ಒದ್ದಾಡುವ ಮೀನುಗಾರರ ಕುಟುಂಬ.

ಮಾವ: ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಸೊಸೆ: ಒಂದು ಉತ್ತರ ಅಮೆರಿಕದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದವರು ಕೊಟ್ಟಿದ್ದಾರೆ. 2025ರಲ್ಲಿ ಅವರು ತಮ್ಮ ಮನೆ ವ್ಯವಸ್ಥೆಯ ಬಗ್ಗೆ ಮೊದಲೇ ಹೇಳಿಬಿಟ್ಟರು. ಲಾಟರಿ ಇಲ್ಲ, ವಿಪರೀತ ಬೆಲೆ ಇಲ್ಲ, ಚಂದಾ ನಿಲ್ಲಿಸಿದರೂ ಮನೆ ಕಿತ್ತುಕೊಳ್ಳುವುದಿಲ್ಲ, ಬೇಕೆಂದವರೆಲ್ಲರಿಗೂ ಮನೆ. ಸುಮಾರು 50 ನಿವೇಶನಗಳ ಕೇರಿ. ಒಂದು ತುಂಬಿದರೆ ಇನ್ನೊಂದು ಕೇರಿ ಹುಟ್ಟುತ್ತದೆ.

ಮಾವ: ನೆರೆಹೊರೆಯೂ ಉಳಿಯಿತು, ಮನೆಯೂ ಸಿಕ್ಕಿತು! ಹಾಗಾದರೆ ಕೇರಿ ಬೇಕು ಎಂಬ ನಿಮ್ಮ ಕಾರಣ ನಿಲ್ಲುವುದಿಲ್ಲವಲ್ಲ ಮಗಾ.

ಸೊಸೆ: ಪೂರ್ತಿ ನಿಲ್ಲುವುದಿಲ್ಲ. ನಾನೂ ತಂಡದಲ್ಲಿ ಅದನ್ನೇ ಹೇಳುತ್ತಿದ್ದೇನೆ. ಆದರೆ ಅಂಥ ಕೇರಿಯಲ್ಲೂ ನೀರಿನ ಬದಿಯ ಮನೆಗಳು ಕೆಲವೇ ಇರುತ್ತವೆ. ಆ ಕೊರತೆ ಎಷ್ಟು ಕೇರಿ ಕಟ್ಟಿದರೂ ಹೋಗುವುದಿಲ್ಲ.

ಮಾವ: ಅದು ಹೋಗಬೇಕಾಗಿಲ್ಲ. ಸೂರು ಬೇರೆ, ಜಾಗದ ಚೆಲುವು ಬೇರೆ. ಪಕ್ಕದ ನಾವುಂದದ ಒಳಗೆ ಮನೆ ಇದ್ದವನು ಮರವಂತೆ ಕಡಲಿನ ಎದುರು ಮನೆಯಿಲ್ಲ ಎಂದು ಕೊರಗಬಹುದು, ಬೀದಿಗೆ ಬಿದ್ದೆ ಎನ್ನುವುದಿಲ್ಲ. ಸೂರು ಎಲ್ಲರಿಗೂ ಕೊಡಿ. ಕಡಲ ಬದಿಯದ್ದಕ್ಕೆ ಚೀಟಿ ಎತ್ತಿ, ಅಥವಾ ಕಾದವರಿಗೆ ಕೊಡಿ, ಅದರಲ್ಲಿ ನಿನ್ನ ಮಾತೂ ನನ್ನ ಮಾತೂ ಬೇರೆಯೇ ಇರಲಿ. ಎಲ್ಲರಿಗೂ ಸೂರು ಕೊಡಲು ನಿಮ್ಮವರು ಒಪ್ಪದಿದ್ದರೆ?

ಸೊಸೆ: ಒಪ್ಪದಿದ್ದರೆ ಪ್ರಕಟಣೆಯ ಮೊದಲ ಸಾಲಿನಲ್ಲೇ ಸಂಖ್ಯೆ ಹಾಕುತ್ತೇನೆ. ಇಷ್ಟು ಜನ ಬರಬಹುದೆಂದು ಅಂದಾಜು, ಇಷ್ಟು ಮನೆ, ಹೆಚ್ಚಿನವರಿಗೆ ಸಿಗುವುದಿಲ್ಲ. ಮನೆಯ ಆಸೆಗೇ ಆಟ ಕೊಳ್ಳುವವರು ಇದನ್ನು ಓದಿ ಆಮೇಲೆ ದುಡ್ಡು ಕೊಡಿ ಎಂದು. ಮುಂಗಡ ಮಾರಾಟ ಶುರುವಾಗುವ ಮೊದಲೇ ಹಾಕಬೇಕು, ಇಲ್ಲದಿದ್ದರೆ ಹಾಕಿಯೂ ಪ್ರಯೋಜನವಿಲ್ಲ.

ಮಾವ: ಆಮೇಲೆ ಸಂಖ್ಯೆ ಬದಲಾದರೆ?

ಸೊಸೆ: ಹೆಚ್ಚಾದರೆ ಹೇಳಿದರಾಯಿತು.

ಮಾವ: ಕಡಿಮೆಯಾದರೆ ಎಂದು ಕೇಳುತ್ತಿದ್ದೇನೆ.

ಸೊಸೆ: ಕಡಿಮೆಯಾದರೆ ಆ ಸಂಖ್ಯೆ ನಂಬಿ ಕೊಂಡವರಿಗೆ ದುಡ್ಡು ವಾಪಸು. ಇದನ್ನು ಕಾನೂನು ವಿಭಾಗದವರು ಒಪ್ಪುವುದು ಕಷ್ಟ ಮಾವ.

ಮಾವ: ಕಷ್ಟವೇ. ಆದರೂ ಅದನ್ನು ಎರಡನೆಯ ಸಾಲಿಗೇ ಹಾಕು, ಕೊನೆಗೆ ಸಣ್ಣ ಅಕ್ಷರದಲ್ಲಿ ಬೇಡ.