ನಗದು ಅಲ್ಲಿ, ಸಾಲ ಇಲ್ಲಿ

ಅಗ್ಗವಾಗಿ ಸಿಗುವಲ್ಲಿಗೆ ಹೋಗಿ ಮನೆಸಾಮಾನು ಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಬೆವರು ಸುರಿಸಿ ಗಳಿಸಿದ ಹಣವನ್ನು ಲೆಕ್ಕ ಹಾಕಿ ಖರ್ಚು ಮಾಡುವುದು ವಿವೇಕದ ಲಕ್ಷಣ. ದುಂದುವೆಚ್ಚವೂ ಬೇಡ, ಜಿಪುಣತನವೂ ಬೇಡ, ಇವೆರಡರ ನಡುವಿನ ದಾರಿಯಲ್ಲಿ ನಡೆಯಿರಿ ಎಂಬುದೇ ನಮಗೆ ಸಿಕ್ಕಿರುವ ಶಿಕ್ಷಣ. ಆದುದರಿಂದ ರಿಯಾಯಿತಿ ದರದ ಸೂಪರ್ ಮಾರ್ಕೆಟಿನಲ್ಲಿ ಚೀಲ ಹಿಡಿದು ಸಾಲು ನಿಂತ ಬಡ ಗೃಹಿಣಿಯನ್ನು ಯಾರೂ ತಪ್ಪಿತಸ್ಥೆಯಂತೆ ನೋಡಬೇಕಾಗಿಲ್ಲ. ನಮ್ಮ ಪ್ರಶ್ನೆ ಬೇರೆಯದು. ನಾವು ಉಳಿಸಿದೆವೆಂದು ಸಮಾಧಾನಪಡುವ ಹಣ ನಿಜವಾಗಿ ನಮ್ಮದೇ, ಅಥವಾ ಇನ್ನೊಬ್ಬನಿಗೆ ಸಲ್ಲಬೇಕಾದುದೇ?

ಮಳವಳ್ಳಿಯ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹೆಂಡತಿ ಮನೆ ನಡೆಸುತ್ತಾಳೆ. ಮೂವರು ಮಕ್ಕಳು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಪಡಿತರದಿಂದಾಗಿ ಅಕ್ಕಿಯ ಚಿಂತೆ ಅಷ್ಟಾಗಿ ಇಲ್ಲ. ರಾಗಿ ಹೇಗೋ ಹೊಂದಿಕೊಳ್ಳುತ್ತದೆ. ಆದರೆ ತೊಗರಿಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ, ಸೋಪು, ಸಾಂಬಾರ ಪುಡಿ ಇವೆಲ್ಲಕ್ಕೂ ಹಣ ಬೇಕು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ 2000 ರೂ. ಆಕೆಯ ಖಾತೆಗೆ ಬರುತ್ತದೆ. ಅದೇ ವರ್ಷದ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಹಣವೂ ಇಲ್ಲ. ಹಾಗಾಗಿ ಕೈಗೆ ಹಣ ಬಂದ ದಿನ ಆಕೆ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ, ಎಣ್ಣೆಯಲ್ಲಿ ಹತ್ತು, ಬೇಳೆಯಲ್ಲಿ ಎಂಟು, ಸೋಪಿನಲ್ಲಿ ಐದು ರೂಪಾಯಿ ಉಳಿಸಿ ಸಂಜೆಗೆ ಮರಳುತ್ತಾಳೆ. ಇದರಲ್ಲಿ ಆಕ್ಷೇಪಿಸುವಂತಹದ್ದು ಏನೂ ಇಲ್ಲ.

ಆದರೆ ತಿಂಗಳ ಇಪ್ಪತ್ತನೇ ತಾರೀಖು ಬರುತ್ತದೆ. ತಂದ ಎಣ್ಣೆ ಮುಗಿದಿರುತ್ತದೆ. ಮಳೆಯಿಂದಾಗಿ ಗಂಡನಿಗೆ ನಾಲ್ಕು ದಿನ ಕೆಲಸ ಸಿಕ್ಕಿರುವುದಿಲ್ಲ. ಆಗ ಮಗುವಿನ ಕೈಯಲ್ಲಿ ಒಂದು ಚೀಟಿ ಕೊಟ್ಟು ಬೀದಿಯ ಮೂಲೆಯ ಅಂಗಡಿಗೆ ಕಳುಹಿಸಲಾಗುತ್ತದೆ. ಅಂಗಡಿಯವನು ಸಾಮಾನು ಕಟ್ಟಿಕೊಟ್ಟು, ಹಳೆಯ ಪುಸ್ತಕದ ಒಂದು ಪುಟದಲ್ಲಿ ಹೆಸರಿನ ಕೆಳಗೆ ಮೊತ್ತವನ್ನು ಬರೆದುಕೊಳ್ಳುತ್ತಾನೆ. ಅವನು ಬಡ್ಡಿ ಕೇಳುವುದಿಲ್ಲ. ಆಧಾರ ಪತ್ರ, ಜಾಮೀನು ಯಾವುದನ್ನೂ ಕೇಳುವುದಿಲ್ಲ. ಮುಂದಿನ ತಿಂಗಳು ಹಣ ಬಂದಾಗ ಮತ್ತೆ ಮಂಡ್ಯದ ಬಸ್ಸು. ಪುಸ್ತಕದ ಪುಟ ಹಾಗೆಯೇ ಉಳಿಯುತ್ತದೆ.

ನಗದು ಅಲ್ಲಿಗೆ, ಸಾಲ ಇಲ್ಲಿಗೆ. ಮಳವಳ್ಳಿಯಲ್ಲಿ ಮಾತ್ರವಲ್ಲ, ಮದ್ದೂರಿನಲ್ಲೂ ಮಂಡ್ಯದ ಬಡಾವಣೆಗಳಲ್ಲೂ ನಮ್ಮ ಎಷ್ಟೋ ಮನೆಗಳ ಪದ್ಧತಿ ಇದೇ ಆಗಿದೆ. ಇದು ನ್ಯಾಯವೇ ಎಂದು ನಾವು ಎಂದಾದರೂ ಕೇಳಿಕೊಂಡಿದ್ದೇವೆಯೇ?

ಅಗ್ಗದ ಗುಟ್ಟು

ದೊಡ್ಡ ಮಳಿಗೆಯಲ್ಲಿ ಬೆಲೆ ಏಕೆ ಕಡಿಮೆ? ಅಲ್ಲಿ ಮಂತ್ರವೇನೂ ಇಲ್ಲ, ಮೋಸವೂ ಇರಬೇಕಾಗಿಲ್ಲ. 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟ್ ಸಂಸ್ಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅದು ದೊಡ್ಡ ಪ್ರಮಾಣದಲ್ಲಿ ಖರೀದಿಸುತ್ತದೆ. ಹೆಚ್ಚಿನ ಕಡೆ ಬಾಡಿಗೆಗೆ ಕೂರದೆ ಸ್ವಂತ ಕಟ್ಟಡದಲ್ಲಿ ವ್ಯಾಪಾರ ನಡೆಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸರಕು ಒದಗಿಸಿದವರಿಗೆ ಬೇರೆಯವರಿಗಿಂತ ಬೇಗನೆ ಹಣ ಪಾವತಿಸುತ್ತದೆ. ಬೇಗ ಹಣ ಕೊಡುವವನಿಗೆ ಸರಕು ಅಗ್ಗದಲ್ಲಿ ಸಿಗುತ್ತದೆ. ಇದು ಸಂತೆಯಲ್ಲಿ ಕುಳಿತ ಅಜ್ಜಿಗೂ ಗೊತ್ತಿರುವ ವ್ಯಾಪಾರದ ನಿಯಮ.

ಈಗ ಮೂಲೆಯ ಅಂಗಡಿಯವನನ್ನು ನೋಡಿ. ಅವನೂ ಸಗಟು ವ್ಯಾಪಾರಿಗೆ ಬೇಗ ಹಣ ಕೊಟ್ಟಿದ್ದರೆ ಸ್ವಲ್ಪ ಅಗ್ಗಕ್ಕೆ ತರಬಹುದಿತ್ತು, ನಮಗೂ ಸ್ವಲ್ಪ ಅಗ್ಗಕ್ಕೆ ಕೊಡಬಹುದಿತ್ತು. ಆದರೆ ಅವನ ಹಣ ಎಲ್ಲಿದೆ? ಅವನ ಪುಸ್ತಕದಲ್ಲಿ, ಅಂದರೆ ನಮ್ಮ ಮನೆಗಳಲ್ಲಿ ಇದೆ. ಅವನ ಅಂಗಡಿಯ ದರ ದುಬಾರಿ ಎಂದು ದೂರುವ ನಾವೇ ಆ ದುಬಾರಿತನಕ್ಕೆ ಒಂದು ಪಾಲು ಕಾರಣರಾಗಿದ್ದೇವೆ. ಅವನ ಬಂಡವಾಳವನ್ನು ನಾವು ಹಿಡಿದಿಟ್ಟುಕೊಂಡು, ಅದರಿಂದಲೇ ದೊಡ್ಡ ಮಳಿಗೆಯಲ್ಲಿ ನಗದು ಗಿರಾಕಿಗಳಾಗುತ್ತೇವೆ!

ಬಾಕಿ ಹಣದ ಸಂಕಟವನ್ನು ಮಂಡ್ಯ ಜಿಲ್ಲೆಯ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದಂದಿನಿಂದ ಕಬ್ಬು ಇಲ್ಲಿನ ಬದುಕಿನ ಭಾಗವಾಗಿದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಕಬ್ಬಿನ ಬಾಕಿಗಾಗಿ ನಮ್ಮ ರಾಜ್ಯದ ರೈತರು ಎಷ್ಟು ಬಾರಿ ಬೀದಿಗಿಳಿದಿಲ್ಲ? ದುಡಿದವನ ಹಣ ಇನ್ನೊಬ್ಬನ ಬಳಿ ತಿಂಗಳುಗಟ್ಟಲೆ ಕುಳಿತರೆ ಮಕ್ಕಳ ಶುಲ್ಕ, ಮಗಳ ಮದುವೆ, ಔಷಧಿ ಎಲ್ಲವೂ ನಿಲ್ಲುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ನಾವು ಯಾವುದನ್ನು ಅನ್ಯಾಯವೆಂದು ಕೂಗಿ ಹೇಳುತ್ತೇವೆಯೋ, ಅಂಗಡಿಯ ಕಟ್ಟೆಯಲ್ಲಿ ಅದನ್ನೇ ನಾವು ಮಾಡಬಹುದೇ? ಮೊತ್ತ ಚಿಕ್ಕದೆಂಬುದು ಉತ್ತರವಾಗಲಾರದು. ಚಿಕ್ಕ ಅಂಗಡಿಯವನಿಗೆ ಆ ಚಿಕ್ಕ ಮೊತ್ತಗಳೇ ಬಂಡವಾಳ.

ಓದುಗರೇ, ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಕುರಿತಾಗಿದೆ ಎಂದು ಬಲ್ಲಿರಾ? ಅಲ್ ಬಕರಃ ಅಧ್ಯಾಯದ 282ನೇ ವಚನವದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಕೊಡು-ಕೊಳ್ಳುವ ಲೆಕ್ಕ ಧರ್ಮದ ಹೊರಗಿನ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ? ತೀರಿಸುವ ಶಕ್ತಿಯಿದ್ದೂ ಸಾಲವನ್ನು ಮುಂದೂಡುವುದನ್ನು ಪ್ರವಾದಿವರ್ಯರು(ಸ) ಅನ್ಯಾಯವೆಂದು ಪರಿಗಣಿಸಿದ್ದಾರೆ. ಶಕ್ತಿ ಇಲ್ಲದವನ ಮಾತು ಬೇರೆ. ಅವನಿಗೆ ಕಾಲಾವಕಾಶ ನೀಡಬೇಕೆಂದು ಸಾಲ ಕೊಟ್ಟವನಿಗೇ ಆದೇಶವಿದೆ. ಆದರೆ ಮಂಡ್ಯದಲ್ಲಿ 1500 ರೂಪಾಯಿಯ ನಗದು ಖರೀದಿ ಮಾಡಿದ ದಿನ, ಮಳವಳ್ಳಿಯ 600 ರೂಪಾಯಿಯ ಬಾಕಿಗೆ ನಮ್ಮ ಬಳಿ ಶಕ್ತಿ ಇರಲಿಲ್ಲವೆಂದು ಹೇಳಲು ಸಾಧ್ಯವೇ?

ಅಂಗಡಿಯವನಿಗೂ ಒಂದು ಮಾತು

ಇಷ್ಟು ಹೇಳಿದ ಮಾತ್ರಕ್ಕೆ ಮೂಲೆಯ ಅಂಗಡಿಯವರೆಲ್ಲರೂ ಸಾಧುಗಳೆಂದು ಅರ್ಥವಲ್ಲ. ತಕ್ಕಡಿಯಲ್ಲಿ ಬೆರಳಾಡಿಸುವವರಿದ್ದಾರೆ. ಅವಧಿ ಮುಗಿದ ಪೊಟ್ಟಣವನ್ನು ಸಾಲದ ಗಿರಾಕಿಗೆ ದಾಟಿಸುವವರಿದ್ದಾರೆ. ಕೇಳುವ ಧೈರ್ಯ ಇವನಿಗಿಲ್ಲವೆಂದು ತಿಳಿದು ಪುಸ್ತಕದಲ್ಲಿ ಐದು-ಹತ್ತು ಹೆಚ್ಚಿಗೆ ಬರೆಯುವವರೂ ಇದ್ದಾರೆ. ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಅದು 83ನೆಯದಾದ ಅಲ್ ಮುತಫ್ಫಿಫೀನ್. ದೇಶದ ಕಾನೂನೂ ಸುಮ್ಮನಿಲ್ಲ. 2009ರ ಕಾನೂನುಬದ್ಧ ಮಾಪನ ಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರದ ತಕ್ಕಡಿ-ಬಟ್ಟುಗಳಿಗೆ ಇಲಾಖೆಯ ಮುದ್ರೆ ಇರಬೇಕು. ಮುದ್ರಿತ ಗರಿಷ್ಠ ಮಾರಾಟ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಪಡೆಯುವುದೂ ಅಪರಾಧ. ಸಾಲ ಕೊಟ್ಟೆನೆಂಬ ಉಪಕಾರ ವಂಚನೆಗೆ ಪರವಾನಗಿಯಲ್ಲ. ಅಂಥವನ ಬಾಕಿ ತೀರಿಸಿ ಬೇರೆ ಅಂಗಡಿಗೆ ಹೋಗುವ ಹಕ್ಕು ಗಿರಾಕಿಗಿದೆ. ಬಾಕಿ ತೀರಿಸದೆ ಹೋಗುವ ಹಕ್ಕು ಮಾತ್ರ ಇಲ್ಲ.

ಆದರೆ ಅದೇ ಅಧ್ಯಾಯವನ್ನು ಗಿರಾಕಿಗಳೂ ಒಮ್ಮೆ ತಮ್ಮ ಕಡೆಗೆ ತಿರುಗಿಸಿ ಓದಬೇಕು. ತನಗೆ ಬರಬೇಕಾದುದನ್ನು ಪೂರ್ತಿಯಾಗಿ ಪಡೆದು, ಇತರರಿಗೆ ಕೊಡಬೇಕಾದುದರಲ್ಲಿ ಕಡಿಮೆ ಮಾಡುವ ಮನೋಭಾವವೇ ಅಲ್ಲಿನ ದೋಷ. ಈ ಮನೋಭಾವ ತಕ್ಕಡಿ ಹಿಡಿದವನಲ್ಲಿ ಮಾತ್ರ ಇರುತ್ತದೆಯೇ? ದೊಡ್ಡ ಮಳಿಗೆಯಲ್ಲಿ ಬಿಲ್ಲಿನ ಮೊತ್ತವನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬಂದವರು, ಹೊರಗೆ ಬಿಸಿಲಲ್ಲಿ ಗೋಣಿ ಹಾಸಿ ಸೊಪ್ಪು ಮಾರುವ ಹೆಂಗಸಿನೊಡನೆ ಎರಡು ರೂಪಾಯಿಗಾಗಿ ಹತ್ತು ನಿಮಿಷ ವಾದಿಸುವುದನ್ನು ನೀವು ನೋಡಿಲ್ಲವೇ? ಬಲಶಾಲಿಯ ಮುಂದೆ ಮೌನ, ದುರ್ಬಲಳ ಮುಂದೆ ಚೌಕಾಶಿ. ಇದನ್ನು ಮಿತವ್ಯಯವೆಂದು ಕರೆಯಲಾದೀತೇ?

ಗಾಡಿ ತುಂಬಿದರೆ ಉಳಿತಾಯವೇ?

ಇನ್ನು ಆ ಅಗ್ಗದ ಮಳಿಗೆಯೊಳಗೆ ನಾವು ನಿಜವಾಗಿಯೂ ಉಳಿಸುತ್ತೇವೆಯೇ ಎಂಬುದನ್ನೂ ನೋಡೋಣ. ಗಿರಾಕಿ ತಾನೇ ಒಳಗೆ ಸುತ್ತಿ ಸಾಮಾನು ಆರಿಸಿಕೊಳ್ಳುವ ಅಂಗಡಿ ಮೊದಲು ಬಂದದ್ದು ಅಮೆರಿಕದ ಮೆಂಫಿಸ್ ನಗರದಲ್ಲಿ, 1916ರಲ್ಲಿ. 1937ರಲ್ಲಿ ಅದೇ ದೇಶದ ಒಕ್ಲಹೋಮ ನಗರದ ಸಿಲ್ವನ್ ಗೋಲ್ಡ್‌ಮನ್ ಎಂಬ ವ್ಯಾಪಾರಿ ಒಂದು ವಿಷಯವನ್ನು ಗಮನಿಸಿದ. ಕೈಬುಟ್ಟಿ ಭಾರವಾದೊಡನೆ ಜನರು ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. ಅವನು ಬುಟ್ಟಿಗೆ ಚಕ್ರ ಜೋಡಿಸಿದ. ಇಂದು ನಾವು ತಳ್ಳುವ ಗಾಡಿ ಹುಟ್ಟಿದ್ದು ಹೀಗೆ. ಕೈಗೆ ಭಾರ ತಿಳಿಯದಿದ್ದರೆ ಕಿಸೆಗೂ ತಿಳಿಯುವುದಿಲ್ಲ.

ಒಂದು ಕೊಂಡರೆ ಒಂದು ಉಚಿತ ಎಂಬ ಫಲಕ, 100ರ ಬದಲು 99 ಎಂಬ ಬೆಲೆ, ಹಣ ಪಾವತಿಸುವ ಜಾಗದಲ್ಲಿ ಮಕ್ಕಳ ಕೈಗೆ ಎಟಕುವಂತೆ ಇಟ್ಟ ಚಾಕೊಲೇಟು, ಇವೆಲ್ಲವೂ ನಮ್ಮ ಪಟ್ಟಿಯಲ್ಲಿ ಇಲ್ಲದುದನ್ನು ಗಾಡಿಗೆ ಸೇರಿಸುವ ಉಪಾಯಗಳು. ಬೇಕಾದ ಸಾಮಾನಿನಲ್ಲಿ 150 ರೂ. ಉಳಿಸಿ, ಬೇಡದ ಸಾಮಾನಿಗೆ 250 ರೂ. ಕೊಟ್ಟು ಬಂದರೆ ಅದು ಯಾವ ಉಳಿತಾಯ? ಮೂಲೆಯ ಅಂಗಡಿಯಲ್ಲಿ ಕಾಲು ಕಿಲೋ ಬೇಳೆ ಕೇಳಿ ಪಡೆಯುವಾಗ ನಮ್ಮ ಬಾಯೇ ನಮ್ಮ ಲೆಕ್ಕವನ್ನು ಕಾಯುತ್ತದೆ. ಅಗ್ಗವೆಂಬ ಕಾರಣಕ್ಕೆ ಬೇಡದುದನ್ನು ಕೊಳ್ಳುವುದು ಬಡವನ ಮನೆಯಲ್ಲಿ ನಡೆದರೂ ದುಂದುವೆಚ್ಚವೇ.

ಹಾಗಾದರೆ ಮಾಡಬೇಕಾದುದೇನು? ಹಣ ಬಂದ ದಿನ ಮೊದಲ ಹೆಜ್ಜೆ ಪುಸ್ತಕದ ಅಂಗಡಿಗೆ ಇಡಿ. ಪೂರ್ತಿ ತೀರಿಸಲು ಆಗದಿದ್ದರೆ ಒಂದು ಭಾಗವನ್ನಾದರೂ ಕೊಟ್ಟು, ಉಳಿದುದನ್ನು ಯಾವ ದಿನ ಕೊಡುವಿರೆಂದು ಹೇಳಿ. ಕೊಟ್ಟ ಮೊತ್ತವನ್ನು ಅಲ್ಲಿಯೇ ಬರೆಸಿ, ನಿಮ್ಮ ಬಳಿಯೂ ಬರೆದಿಟ್ಟುಕೊಳ್ಳಿ. ಆಮೇಲೆ ಉಳಿದ ಹಣಕ್ಕೆ ತಕ್ಕ ಪಟ್ಟಿ ಮಾಡಿಕೊಂಡು, ಸಂಕೋಚವಿಲ್ಲದೆ ಅಗ್ಗದ ಮಳಿಗೆಗೆ ಹೋಗಿ. ಅಲ್ಲಿ ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬಬೇಡಿ. ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿ. 2021ರ ತಿದ್ದುಪಡಿಯ ನಂತರ ಪೊಟ್ಟಣಗಳ ಮೇಲೆ ಈ ದರವನ್ನೂ ಮುದ್ರಿಸಲಾಗುತ್ತಿದೆ. ಸೊಪ್ಪು, ತರಕಾರಿ, ನಿಂಬೆಹಣ್ಣನ್ನು ಆದಷ್ಟು ಬೀದಿಯವರಿಂದಲೇ ಕೊಳ್ಳಿ. ತಿಂಗಳಿಗೆ ಒಂದೆರಡು ಸಾಮಾನುಗಳನ್ನಾದರೂ ಮೂಲೆಯ ಅಂಗಡಿಯಲ್ಲಿ ನಗದು ಕೊಟ್ಟು ಕೊಳ್ಳಿ. ಎರಡು ರೂಪಾಯಿ ಹೆಚ್ಚಾದರೂ ಅದನ್ನು ನಷ್ಟವೆಂದು ಎಣಿಸಬೇಡಿ. ಇಪ್ಪತ್ತನೇ ತಾರೀಖು ಆ ಬಾಗಿಲು ತೆರೆದಿರಬೇಕಲ್ಲವೇ?

ಆ ಬಾಗಿಲು ಮುಚ್ಚಿದರೆ ಏನಾಗುವುದೆಂದು ಸ್ವಲ್ಪ ಯೋಚಿಸಿ. 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬೀಗ ಹಾಕಿಕೊಂಡಾಗ ಬಸ್ಸುಗಳು ನಿಂತವು, ಕೂಲಿ ನಿಂತಿತು. ಅಂದು ಎಷ್ಟೋ ಮನೆಗಳ ಒಲೆ ಉರಿದದ್ದು ಬೀದಿಯ ಅಂಗಡಿಯವನು ಬರೆದುಕೊಂಡು ಕೊಟ್ಟ ಸಾಮಾನಿನಿಂದ. ಅಂತಹ ಅಂಗಡಿ ಇಲ್ಲವಾದಲ್ಲಿ ಬಡ ಗೃಹಿಣಿ ಮುಂದೆ ತಟ್ಟುವ ಬಾಗಿಲು ಬಡ್ಡಿಯ ಸಾಲದ್ದು. ಕಿರುಸಾಲ ವಸೂಲಿಗಾರರ ಕಿರುಕುಳ ತಾಳಲಾರದೆ ಜನರು ಊರು ಬಿಟ್ಟ, ಪ್ರಾಣ ಬಿಟ್ಟ ಸುದ್ದಿಗಳು ಬಂದು, 2025ರ ಫೆಬ್ರವರಿಯಲ್ಲಿ ಅದನ್ನು ತಡೆಯಲು ನಮ್ಮ ರಾಜ್ಯ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿ ಇಲ್ಲದೆ, ಅವಮಾನಿಸದೆ, ಹೆಸರಿನ ಮೇಲಿನ ನಂಬಿಕೆಯಿಂದ ಸಾಲ ಕೊಡುವವರು ನಮ್ಮ ಬೀದಿಗಳಲ್ಲಿ ಇನ್ನೂ ಇದ್ದಾರೆ. ಅವರು ಉಳಿಯುವುದೂ ಅಳಿಯುವುದೂ ನಮ್ಮ ಕೈಯಲ್ಲಿದೆ.

ಬಡತನದಲ್ಲಿ ಮನೆ ನಡೆಸುವುದು ಕಷ್ಟದ ಕೆಲಸ. ಹತ್ತು ರೂಪಾಯಿ ಉಳಿಸಲು ಹತ್ತಾರು ಮೈಲಿ ಹೋಗುವ ತಾಯಂದಿರ ಜಾಣ್ಮೆಗೆ ಗೌರವ ಸಲ್ಲಬೇಕು. ಆ ಹತ್ತು ರೂಪಾಯಿಯಲ್ಲಿ ಇನ್ನೊಬ್ಬನ ಹಕ್ಕು ಬೆರೆಯದಂತೆ ನೋಡಿಕೊಂಡರೆ ಮಾತ್ರ ಅದು ನಿಜವಾದ ಉಳಿತಾಯ. ಮುಂದಿನ ಬಾರಿ ಚೀಲ ಹಿಡಿದು ಹೊರಡುವ ಮೊದಲು, ಮೂಲೆಯ ಅಂಗಡಿಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಪುಟವನ್ನು ಒಮ್ಮೆ ನೋಡಿಬನ್ನಿ.