ಸ್ಪರ್ಧೆ ಯಾವುದರಲ್ಲಿ? ಸಹಕಾರ ಯಾವುದರಲ್ಲಿ?

ಅಲ್ಲಾಹನು ಮನುಷ್ಯನನ್ನು ಒಬ್ಬಂಟಿಯಾಗಿ ಬಾಳಲು ಸೃಷ್ಟಿಸಿಲ್ಲ. ಒಬ್ಬನಿಗೆ ಭೂಮಿ ಕೊಟ್ಟನು, ಇನ್ನೊಬ್ಬನಿಗೆ ತೋಳ್ಬಲ, ಮತ್ತೊಬ್ಬನಿಗೆ ವ್ಯಾಪಾರದ ಜಾಣ್ಮೆ. ಇವು ಕೂಡಿದಾಗಲೇ ಎಲ್ಲರ ಮನೆಯಲ್ಲಿ ಒಲೆ ಉರಿಯುತ್ತದೆ. ಆದರೆ ನಾನು ಮೇಲೇರಬೇಕಾದರೆ ನೆರೆಯವನು ಕೆಳಗಿಳಿಯಲೇಬೇಕು ಎಂಬ ಭಾವನೆ ಇಂದು ಮನೆ, ಶಾಲೆ, ಪೇಟೆಗಳನ್ನೆಲ್ಲ ಹೊಕ್ಕಿದೆ. ಇಸ್ಲಾಮ್ ಇದನ್ನು ಒಪ್ಪುವುದೇ?

ಹಾವೇರಿ ಜಿಲ್ಲೆಯನ್ನೇ ನೋಡಿರಿ. ಹಾವೇರಿಯ ಪ್ರಸಿದ್ಧ ಏಲಕ್ಕಿ ಹಾರ ಪಟವೇಗಾರ ಮುಸ್ಲಿಮ್ ಮನೆತನದ ಕೈಚಳಕ. ಮನೆಮಂದಿಯೆಲ್ಲ ಕೂಡಿ ಮಾಡುವ ಕೆಲಸ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಹಚ್ಚಬೇಕು. ಹೊತ್ತು ಮೀರಿದರೆ ಹೂವು ಕೆಟ್ಟಿತು. ಒಬ್ಬನೇ ರೈತನಿಂದ ಅದು ಆಗುವ ಮಾತಲ್ಲ. ಬ್ಯಾಡಗಿಯ ಕೆಂಪು ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಹೆಸರಿನ ಹಿಂದೆ ಬೆಳೆದವರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು, ದಲಾಲರು, ಖರೀದಿದಾರರು ಎಲ್ಲರ ದುಡಿಮೆಯೂ ಇದೆ.

ಇಸ್ಲಾಮ್ ಪೈಪೋಟಿಯನ್ನು ನಿಷೇಧಿಸಿಲ್ಲ. ದರ ನಿಗದಿ ಮಾಡಿರೆಂದು ಜನರು ಕೇಳಿಕೊಂಡಾಗ, ಯಾರ ಮೇಲಾದರೂ ಅನ್ಯಾಯವಾದೀತೆಂದು ಪ್ರವಾದಿವರ್ಯರು(ಸ) ಅದಕ್ಕೆ ಒಪ್ಪಲಿಲ್ಲ. ಆದರೆ ಪೈಪೋಟಿಗೆ ಅವರು ಬೇಲಿ ಹಾಕಿದರು. ಕೊಳ್ಳುವ ಮನಸ್ಸಿಲ್ಲದೆ ಸುಳ್ಳು ಬೆಲೆ ಕೂಗಿ ಏರಿಸಬಾರದು. ಇನ್ನೊಬ್ಬನ ವ್ಯವಹಾರದ ಮೇಲೆ ವ್ಯವಹಾರ ಕುದುರಿಸಬಾರದು. ಸರಕು ತರುವವರು ಪೇಟೆ ಮುಟ್ಟಿ ದರ ತಿಳಿಯುವ ಮೊದಲೇ ದಾರಿಯಲ್ಲಿ ಅವರನ್ನು ತಡೆದು ಖರೀದಿಸಬಾರದು. ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗಲಿದ್ದನ್ನು ಕಂಡು, ವಂಚಿಸುವವನು ನಮ್ಮವನಲ್ಲ ಎಂದು ಅವರು ಎಚ್ಚರಿಸಿದರು. ತೂಕ ಹೆಚ್ಚಲೆಂದು ಮೆಣಸಿನಕಾಯಿಗೆ ನೀರು ಚಿಮುಕಿಸುವ ಕೈಗೂ, ತಕ್ಕಡಿಯಲ್ಲಿ ಮೋಸ ಮಾಡುವ ಕೈಗೂ ಈ ಎಚ್ಚರಿಕೆ ಸಲ್ಲುತ್ತದೆ.

ಬೇಲಿ ಮುರಿದ ಪೇಟೆಯಲ್ಲಿ ನಂಬಿಕೆ ಉಳಿಯದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿಯಿತೆಂದು ರೊಚ್ಚಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ದರ ಏಕೆ ಇಳಿಯಿತೆಂಬ ಚರ್ಚೆ ಬೇರೆ. ವರ್ಷವಿಡೀ ಬೆವರು ಸುರಿಸಿದವನ ಸಂಕಟ ದೊಡ್ಡದೇ. ಆದರೆ ಪರರ ಸೊತ್ತಿಗೆ ಬೆಂಕಿಯಿಡಲು ಅದು ಅನುಮತಿಯಲ್ಲ. ಪೇಟೆ ನಿಂತರೆ ಮೊದಲು ಹಸಿಯುವುದು ಅಂದಂದಿನ ಕೂಲಿ ನಂಬಿದವನ ಮನೆ.

ಹಾಗಾದರೆ ದಾರಿ ಯಾವುದು? ಸತ್ಕರ್ಮಗಳಲ್ಲಿ ಒಬ್ಬರನ್ನೊಬ್ಬರು ಮೀರಿ ಮುಂದೆ ಸಾಗಿರೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ (ಅಲ್‌ಬಕರ: 148). ಒಳಿತು ಮತ್ತು ಧರ್ಮನಿಷ್ಠೆಯಲ್ಲಿ ಪರಸ್ಪರ ನೆರವಾಗಿರಿ, ಪಾಪ ಮತ್ತು ಅತಿಕ್ರಮಣದಲ್ಲಿ ನೆರವಾಗಬೇಡಿರೆಂದೂ ಅದು ಹೇಳುತ್ತದೆ (ಅಲ್‌ಮಾಇದ: 2). ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ರೈತನ ಬೆಲೆ ಇಳಿಸಿದರೆ ಅದು ಸಹಕಾರವಲ್ಲ, ಪಾಪದಲ್ಲಿ ಪಾಲುದಾರಿಕೆ.

ಮದೀನಾದಲ್ಲಿ ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧವನ್ನೇ ಮುಹಾಜಿರ್ ಸಹೋದರ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮುಂದಿಟ್ಟರು. ಅವರು ಸಅದ್‌ರಿಗಾಗಿ ಪ್ರಾರ್ಥಿಸಿ, ಪೇಟೆಯ ದಾರಿ ಕೇಳಿದರು. ಗಿಣ್ಣು, ತುಪ್ಪದ ವ್ಯಾಪಾರ ಮಾಡಿ ಕಾಲಮೇಲೆ ನಿಂತರು. ಒಬ್ಬರು ಕೊಡಲು ಹಿಂಜರಿಯಲಿಲ್ಲ, ಇನ್ನೊಬ್ಬರು ಪಡೆಯಲು ಆತುರಪಡಲಿಲ್ಲ. ಅವರ ಸ್ಪರ್ಧೆ ಇದ್ದದ್ದು ಔದಾರ್ಯ ಮತ್ತು ಸ್ವಾಭಿಮಾನದಲ್ಲಿ.

ನಮ್ಮ ಸೀಮೆಗೂ ಇದು ಹೊಸತಲ್ಲ. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ದುಡಿಯುವ ಮುಯ್ಯಾಳಿನ ಪದ್ಧತಿ ಹಿರಿಯರದು. ನೆರೆಯ ಗದಗದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. ಬಡ್ಡಿಯ ವಿಷಯದಲ್ಲಿ ನಮ್ಮ ಮಾರ್ಗ ಬೇರೆ. ಕೂಡಿ ನಿಲ್ಲುವ ಪಾಠ ಮಾತ್ರ ಎಲ್ಲರದು.

ಸಹೋದರ ಸಹೋದರಿಯರೇ, ನಿಮ್ಮ ಮಗನಿಗೆ ಅಂಕ ಹೆಚ್ಚು ಬಂದರೆ ಹಿಂದುಳಿದ ಗೆಳೆಯನಿಗೆ ಪಾಠ ಹೇಳಿಕೊಡಲು ಕಲಿಸಿರಿ. ನೆರೆಯವರ ಮದುವೆಯನ್ನು ಮೀರಿಸಲೆಂದು ಸಾಲ ಮಾಡಬೇಡಿರಿ. ಮೊಹಲ್ಲಾದಲ್ಲಿ ಬಡ್ಡಿರಹಿತ ನೆರವಿನ ನಿಧಿಯೊಂದನ್ನು, ಚಿಕ್ಕದಾದರೂ ಸರಿ, ಆರಂಭಿಸಿರಿ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಎಷ್ಟು ಗಳಿಸಿದೆ ಎಂದಷ್ಟೇ ಅಲ್ಲ, ಹೇಗೆ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂಬ ಪ್ರಶ್ನೆಯೂ ಏಳಲಿದೆ. ಅದಕ್ಕೆ ತಲೆಯೆತ್ತಿ ಉತ್ತರಿಸುವ ಭಾಗ್ಯವನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.