ಗೇಟು ಮುಚ್ಚಿದವರಿಗೆ ಶಾಲು

2022ರ ಜೂನ್‌ನಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಹ ಬಂದಾಗಿನ ಒಂದು ವಿಡಿಯೊವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಉದ್ಯಾನದ ಉತ್ತರ ಬಾಗಿಲಲ್ಲಿರುವ ಗಾರ್ಡಿನರ್ ಊರಿನ ಬಳಿ, ನದಿ ದಂಡೆಯ ದೊಡ್ಡ ಮನೆಯೊಂದು ಮೆಲ್ಲಗೆ ವಾಲಿ, ಇಡಿಯಾಗಿ ನೀರಿಗಿಳಿದು ದೋಣಿಯಂತೆ ತೇಲಿಹೋಗುತ್ತದೆ. ಉದ್ಯಾನದ ನೌಕರರ ಕುಟುಂಬಗಳು ವಾಸವಿದ್ದ ಮನೆ ಅದು. ಮೊದಲೇ ಖಾಲಿ ಮಾಡಿಸಿದ್ದರಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಬೆಟ್ಟದ ಹಿಮ ಕರಗುವ ಹೊತ್ತಿಗೇ ಜೋರು ಮಳೆ ಬಿದ್ದು ಯೆಲ್ಲೋಸ್ಟೋನ್ ನದಿ 1918ರ ದಾಖಲೆಯನ್ನೂ ಮೀರಿ ಏರಿತ್ತು. ಜೂನ್ 13ರಂದು ಉದ್ಯಾನದ ಐದೂ ಗೇಟು ಮುಚ್ಚಿದರು. ಒಳಗಿದ್ದ 10,000ಕ್ಕೂ ಹೆಚ್ಚು ಪ್ರವಾಸಿಗರನ್ನು ಹೊರಗೆ ಕಳಿಸಿದರು. ಪ್ರವಾಹದಿಂದ ಉದ್ಯಾನದೊಳಗೆ ಒಬ್ಬರೂ ಸಾಯಲಿಲ್ಲ.

ಯಾರೂ ಸಾಯಲಿಲ್ಲ, ಹಾಗಾಗಿ ಕತೆಯೂ ಹುಟ್ಟಲಿಲ್ಲ. ತೇಲಿದ ಮನೆಯನ್ನು ಲೋಕವೆಲ್ಲ ನೋಡಿತು. ಟೆಂಟುಗಳ ಮುಂದೆ ನಿಂತು ‘ಏಳಿ, ಹೊರಡಿ’ ಎಂದವರನ್ನು ನೋಡಿದವರು ಆ ಟೆಂಟಿನಲ್ಲಿದ್ದವರು ಮಾತ್ರ. ಇಂಥವರನ್ನು ಗೌರವಿಸಬೇಕೆಂದರೆ ಯಾವುದಕ್ಕಾಗಿ ಗೌರವಿಸುತ್ತೇವೆ?

ನನ್ನ ಪಿಎಚ್‌ಡಿ ವಿಷಯ ಕರ್ತವ್ಯದ ಗಡಿ. (ಊರಿನಲ್ಲಿ ಯಾರಾದರೂ ಕೇಳಿದರೆ ‘ಫಿಲಾಸಫಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.) ಈ ಚರ್ಚೆಯಲ್ಲಿ ಎಲ್ಲರೂ ಮೊದಲು ಹೋಗುವುದು ಜೆ. ಒ. ಅರ್ಮ್‌ಸನ್ 1958ರಲ್ಲಿ ಬರೆದ ಸಂತರು ಮತ್ತು ವೀರರ ಕುರಿತ ಪ್ರಬಂಧಕ್ಕೆ. ಪ್ಲೇಗ್ ಬಂದ ಊರಿಗೆ ತಾನಾಗಿ ಹೋಗುವ ವೈದ್ಯನ ಉದಾಹರಣೆ ಅದರಲ್ಲಿದೆ. ಆತ ‘ನನ್ನ ಕರ್ತವ್ಯ ಮಾಡಿದೆ’ ಎನ್ನಬಹುದು. ಆದರೆ ಹೋಗದಿದ್ದರೆ ‘ಕರ್ತವ್ಯ ತಪ್ಪಿದೆ’ ಎಂದು ಅವನನ್ನು ಬೈಯುವ ಹಕ್ಕು ನಮಗಿಲ್ಲ. ಸನ್ಮಾನ ಹುಟ್ಟುವುದು ಈ ಅಂತರದಲ್ಲಿ, ಕೇಳಲಾಗದ್ದನ್ನು ಒಬ್ಬರು ಕೊಟ್ಟಾಗ.

ಆದರೆ ಈ ಲೆಕ್ಕದಲ್ಲಿ ಗೇಟು ಮುಚ್ಚಿದವನಿಗೆ ಏನೂ ಸಿಗುವುದಿಲ್ಲ. ಅದು ಅವನ ಕೆಲಸ, ಸಂಬಳವೂ ಇದೆ. ನೀರಿಗೆ ಧುಮುಕಿ ಮಗುವನ್ನು ಎತ್ತಿದವನಿಗೆ ಪದಕ. ಮಗು ನೀರಿನ ಹತ್ತಿರ ಹೋಗದಂತೆ ಬೆಳಗಿನಿಂದ ನಿಂತವನಿಗೆ ಬೈಗುಳ. ಸ್ವಯಂಸೇವಕರ ಪಾಡೂ ಇದೇ. ಅವರಿಗೆ ಸಂಬಳವಿಲ್ಲ, ಮಾಡಿದ್ದೆಲ್ಲ ಕೇಳದೆ ಕೊಟ್ಟದ್ದೇ. ಆದರೂ ‘ಮುಂದೆ ಹೋಗಬೇಡಿ’ ಎಂದ ತಕ್ಷಣ ‘ನೀನ್ಯಾರು ಹೇಳೋಕೆ’ ಎಂಬ ಮಾತು ಬರುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಎಂ.ಎ. ಓದುವಾಗ ನಾವು ಏಳು ಜನ ಪಶ್ಚಿಮ ಘಟ್ಟದ ಒಂದು ಜಲಪಾತಕ್ಕೆ ಹೋಗಿದ್ದೆವು. ದಾರಿಯಲ್ಲಿ ಹಳ್ಳ ದಾಟಬೇಕಿತ್ತು, ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ವಯಸ್ಸಾದ ವಾಚರ್ ಒಬ್ಬರು ಅಡ್ಡ ನಿಂತರು. “ಮಕ್ಕಳೇ, ಮೇಲೆ ಗುಡ್ಡದಲ್ಲಿ ಮಳೆ ಉಂಟು. ಈಗ ದಾಟುವುದು ಬೇಡ.” ನಮ್ಮ ತಲೆಯ ಮೇಲೆ ಬಿಸಿಲಿತ್ತು. “ಅಣ್ಣಾ, ಹತ್ತೇ ನಿಮಿಷ” ಎಂದು ಗೋಗರೆದೆವು, ಜಗಳವಾಡಿದೆವು. ಅವರು ಕದಲಲಿಲ್ಲ. ಎರಡು ಗಂಟೆ ಕಾದೆವು. ತಮ್ಮ ಫ್ಲಾಸ್ಕಿನ ಚಹಾವನ್ನೂ ನಮಗೆ ಕೊಟ್ಟರು. ಹಳ್ಳ ಏರಲಿಲ್ಲ.

ಏರಿದ್ದರೆ ಈ ಪ್ರಬಂಧ ಸುಲಭವಾಗುತ್ತಿತ್ತು. ಏರಲಿಲ್ಲ. ಸಿಟ್ಟಿನಲ್ಲಿ ವಾಪಸು ಬಂದು, ಗೇಟಿನ ಬಳಿಯ ಪುಸ್ತಕದಲ್ಲಿ ‘ಸಿಬ್ಬಂದಿ ಪ್ರವಾಸಿಗರಿಗೆ ವಿನಾಕಾರಣ ತೊಂದರೆ ಕೊಡುತ್ತಾರೆ’ ಎಂದು ಬರೆದೆ. ಪೆನ್ನು ಕೊಟ್ಟವರೂ ಅವರೇ. ದಿನಗೂಲಿಯ ಮನುಷ್ಯನಿಗೆ ಅಂಥ ಒಂದು ಸಾಲು ಏನು ಮಾಡಬಹುದೆಂಬ ಯೋಚನೆ ಆಗ ನನ್ನ ತಲೆಗೆ ಬರಲೇ ಇಲ್ಲ.

ಅವರು ನನ್ನ ಜೀವ ಉಳಿಸಿದರೇ? ಹಾಗೆ ಹೇಳಲಾರೆ. ಹಾಗಾದರೆ ಅವರಿಗೆ ನಾನು ಋಣಿಯೇ? ಹೌದು ಎಂಬ ಉತ್ತರಕ್ಕೆ ಬರಲು ನನಗೆ ಕೆಲವು ವರ್ಷ ಹಿಡಿಯಿತು. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ‘ನೈತಿಕ ಅದೃಷ್ಟ’ ಎಂಬ ಹೆಸರಿನಲ್ಲಿ ಚರ್ಚಿಸಿದ್ದು ಇದನ್ನೇ: ನಮ್ಮ ಕೈಯಲ್ಲಿಲ್ಲದ ಫಲಿತಾಂಶ ನೋಡಿ ನಾವು ಮನುಷ್ಯರನ್ನು ಅಳೆಯುತ್ತೇವೆ. ನೀರು ಏರಿದ ದಿನ ಆ ವಾಚರ್ ದೇವರಾಗುತ್ತಿದ್ದರು, ಏರದ ದಿನ ತೊಂದರೆ ಕೊಡುವವರು. ಅವರು ಮಾಡಿದ್ದು ಎರಡೂ ದಿನ ಒಂದೇ. ಹತ್ತು ದಿನ ಸುಮ್ಮನೆ ತಡೆಯುವವನು ಮಾತ್ರ ಹನ್ನೊಂದನೆಯ ದಿನ ಸರಿಯಾಗಿ ತಡೆಯಬಲ್ಲ.

ಇದರ ಅರ್ಥ ಪ್ರತಿ ಗೇಟು ಮುಚ್ಚುವವನೂ ಪೂಜ್ಯ ಎಂದಲ್ಲ. ಜವಾಬ್ದಾರಿ ತಪ್ಪಿಸಿಕೊಳ್ಳಲು ಎಲ್ಲವನ್ನೂ ಮುಚ್ಚುವವರೂ ಇದ್ದಾರೆ. ಆದರೆ ಆ ಮನುಷ್ಯ ಗುಡ್ಡದ ಕಡೆ ನೋಡಿ ಹೇಳಿದ್ದರು, ಆದೇಶದ ಕಾಗದ ನೋಡಿ ಅಲ್ಲ.

ನಮ್ಮಲ್ಲಿ ಪ್ರತಿ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಆಚರಿಸುತ್ತಾರೆ. 1730ರಲ್ಲಿ ರಾಜಸ್ಥಾನದ ಖೇಜರ್ಲಿಯಲ್ಲಿ ಮರ ಉಳಿಸಲು ಪ್ರಾಣ ಕೊಟ್ಟ ಬಿಷ್ಣೋಯಿಗಳ ನೆನಪಿನ ದಿನ ಅದು. ಕರ್ತವ್ಯದಲ್ಲಿ ಸತ್ತ ಸಿಬ್ಬಂದಿಯನ್ನು ಆವತ್ತು ಸ್ಮರಿಸುತ್ತಾರೆ. ಆಗಲೇಬೇಕಾದದ್ದು. ಆದರೆ ಬದುಕಿರುವವರ ಗೌರವಕ್ಕೆ ಖರ್ಚು ಹೆಚ್ಚು: ಗಂಬೂಟು, ವಿಮೆ, ತಿಂಗಳಿಗೆ ಸರಿಯಾಗಿ ಬರುವ ಕೂಲಿ. ಅಮೆರಿಕದಲ್ಲೂ ಅಷ್ಟೇ. 2025ರ ಫೆಬ್ರವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯ ಸುಮಾರು 1,000 ಪ್ರೊಬೇಷನರಿ ನೌಕರರನ್ನು ಒಮ್ಮೆಲೇ ಕೆಲಸದಿಂದ ತೆಗೆದರು. ಮುಂದೆ ಕೋರ್ಟು ನಡುವೆ ಬರಬೇಕಾಯಿತು. ಚಪ್ಪಾಳೆ ತಟ್ಟಲು ಬಜೆಟ್ ಬೇಕಾಗಿಲ್ಲವಲ್ಲ!

ಕಳೆದ ಮಳೆಗಾಲದ ಕೊನೆಗೆ ಅದೇ ಜಲಪಾತಕ್ಕೆ ಮತ್ತೆ ಹೋಗಿದ್ದೆ. ಆ ವಾಚರ್ ಇರಲಿಲ್ಲ. ಅವರ ಹೆಸರು ಗೊತ್ತಿಲ್ಲದೆ ವಿಚಾರಿಸುವುದಾದರೂ ಹೇಗೆ? ‘ವಯಸ್ಸಾದವರು, ಫ್ಲಾಸ್ಕ್ ಇಟ್ಟುಕೊಂಡಿರುತ್ತಿದ್ದರು’ ಎಂದೆ. ಈಗಿದ್ದ ಹುಡುಗನಿಗೆ ತಿಳಿಯಲಿಲ್ಲ. ಹಳೆಯ ಪುಸ್ತಕ ತುಂಬಿ ಕಚೇರಿಗೆ ಹೋಗಿದೆಯಂತೆ. ಹೊಸದನ್ನು ಮುಂದಿಟ್ಟ. ಹೆಸರು, ಊರು, ಫೋನ್ ನಂಬರ್, ದೂರು. ಮೆಚ್ಚುಗೆಗೆ ಕಾಲಂ ಇರಲಿಲ್ಲ. ದೂರಿನ ಕಾಲಮ್ಮಿನಲ್ಲೇ, ನಾನು ಹಿಂದೆ ಬಂದಿದ್ದ ವರ್ಷ ಹಾಕಿ, ಹಿಂದಿನ ನನ್ನ ದೂರು ಸುಳ್ಳು ಎಂದು ಬರೆದೆ. ಹುಡುಗ ಓದಿ, “ಇದನ್ನು ಯಾವ ಆಫೀಸಿಗೆ ಕಳಿಸಬೇಕು?” ಎಂದು ಕೇಳಿದ.